ಸಂಬಳವಿಲ್ಲದವರ ಕೊನೆಯ ಕಪ್

1878ರಲ್ಲಿ ಕಲ್ಕತ್ತೆಯ ಇಂಗ್ಲಿಷರ ಒಂದು ಕ್ಲಬ್ ಬಾಗಿಲು ಹಾಕಿಕೊಂಡಿತು. ರಗ್ಬಿ ಆಡುವುದಕ್ಕೆಂದೇ ಕಟ್ಟಿಕೊಂಡಿದ್ದ ಕ್ಲಬ್ ಅದು. ಬಂಗಾಳದ ಸೆಕೆಗೂ ಆ ಆಟಕ್ಕೂ ಹೊಂದಲಿಲ್ಲ. ಸದಸ್ಯರು ಪೋಲೋ, ಟೆನಿಸ್ ಎಂದು ಬೇರೆ ದಾರಿ ಹಿಡಿದರು. ಕ್ಲಬ್ಬಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಮದ್ಯ ನಿಂತ ಮೇಲಂತೂ ಅತ್ತ ತಲೆ ಹಾಕುವವರೇ ಕಡಿಮೆಯಾದರು. ಉಳಿದವರು ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಒಂದು ಚೆಂದದ ಕಪ್ ಮಾಡಿಸಿದರು. ಅದರ ಹಿಡಿಗಳು ಮೂರು ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. ಅದನ್ನು ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್ನಿಗೆ ಕೊಟ್ಟು, ಫುಟ್‌ಬಾಲಿನವರಿಗೆ ಎಫ್.ಎ. ಕಪ್ ಇರುವ ಹಾಗೆ ನಮ್ಮ ಆಟದ ಕ್ಲಬ್ಬುಗಳೂ ಇದಕ್ಕಾಗಿ ವರ್ಷ ವರ್ಷ ಸೆಣಸಲಿ ಎಂದು ಬಯಸಿದರು. ಯೂನಿಯನ್ ಕಪ್ಪನ್ನೇನೋ ಇಟ್ಟುಕೊಂಡಿತು. ಕ್ಲಬ್ಬುಗಳ ಸೆಣಸಾಟಕ್ಕೆ ಮಾತ್ರ ಒಪ್ಪಲಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ವರ್ಷಕ್ಕೊಮ್ಮೆ ಆಡುವ ಪಂದ್ಯಕ್ಕೆ ಅದನ್ನು ಮೀಸಲಿಟ್ಟಿತು. ನಮ್ಮ ನಾಡಿನ ರೂಪಾಯಿಗಳಿಂದಾದ ಆ ಕಲ್ಕತ್ತ ಕಪ್ ಇಂದಿಗೂ ಆ ಎರಡು ದೇಶಗಳ ನಡುವೆ ಓಡಾಡುತ್ತಿದೆ.

ಕಪ್ ಬೇಕು, ಕಪ್ಪಿಗಾಗಿ ಜಿದ್ದು ಬೇಡ. ಇದು ಇಂಗ್ಲೆಂಡಿನ ರಗ್ಬಿ ದೊಡ್ಡವರ ನಿಲುವಾಗಿತ್ತು. ಯಾಕೆ ಬೇಡ? ಜಿದ್ದು ಬಂದರೆ ಜನ ಸೇರುತ್ತಾರೆ, ಜನ ಸೇರಿದರೆ ಟಿಕೆಟ್ಟಿನ ದುಡ್ಡು ಬರುತ್ತದೆ, ದುಡ್ಡು ಬಂದರೆ ಆಟಗಾರ ಪಾಲು ಕೇಳುತ್ತಾನೆ. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕ ನಿಜವಾದ ಒಂದು ವರ್ಷದ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ: 1995-96ರ ಋತು. ಇಂಗ್ಲೆಂಡಿನ ಕ್ಲಬ್ಬುಗಳ ನಾಕೌಟ್ ಕಪ್ ಆಗ ಪಿಲ್ಕಿಂಗ್ಟನ್ ಎಂಬ ಗಾಜಿನ ಕಂಪನಿಯ ಹೆಸರಿನಲ್ಲಿ ನಡೆಯುತ್ತಿತ್ತು.

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿ ಯೂನಿಯನ್ನಿನಲ್ಲಿ ತಂಡಕ್ಕೆ 15 ಜನ, ಮೊಟ್ಟೆಯಾಕಾರದ ಚೆಂಡು. ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಅದರ ಬೆನ್ನಿಗೇ ಗೋಲುಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಅದು ಕನ್ವರ್ಷನ್, ಇನ್ನೂ 2. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ 3. ಈ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಈ ಆಟದ ಯೂನಿಯನ್ ಹುಟ್ಟಿದ್ದು 1871ರಲ್ಲಿ. ಕಟ್ಟಿದವರು ಹೆಚ್ಚಾಗಿ ದುಬಾರಿ ಖಾಸಗಿ ಶಾಲೆಗಳಲ್ಲಿ ಕಲಿತ ದಕ್ಷಿಣದ ಉಳ್ಳವರು. ಆದರೆ ಆಟ ಬಹುಬೇಗ ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಗಿರಣಿ ಊರುಗಳಿಗೆ, ಕಲ್ಲಿದ್ದಲ ಗಣಿಗಳಿಗೆ ಇಳಿಯಿತು. ಅಲ್ಲಿ ದೊಡ್ಡವರ ಅಪ್ಪಣೆಗೆ ಯಾರೂ ಕಾಯಲಿಲ್ಲ. 1877ರಲ್ಲೇ ಯಾರ್ಕ್‌ಶೈರ್ ಕಪ್ ಶುರುವಾಯಿತು. ಊರಿನವರು ಅದನ್ನು ಹಳೇ ತಗಡಿನ ಡಬ್ಬಿ ಎಂದು ಪ್ರೀತಿಯಿಂದಲೇ ಹಂಗಿಸುತ್ತಿದ್ದರು. ಆ ಡಬ್ಬಿಗಾಗಿ ಊರಿಗೆ ಊರೇ ಮೈದಾನಕ್ಕೆ ಬರುತ್ತಿತ್ತು. ಶನಿವಾರ ಬೆಳಗ್ಗೆಯೂ ಗಣಿಯಲ್ಲಿ ಕೆಲಸ ಇರುವವನು ದೂರದ ಊರಿಗೆ ಆಡಲು ಹೋದರೆ ಅವನ ಕೂಲಿ ತಪ್ಪುತ್ತಿತ್ತು. ಬಾಗಿಲಲ್ಲಿ ಇಷ್ಟು ದುಡ್ಡು ಸೇರುತ್ತದಲ್ಲ, ತಪ್ಪಿದ ಕೂಲಿಯನ್ನಾದರೂ ಕೊಡಿ ಎಂದು ಉತ್ತರದವರು ಕೇಳಿದರು. 1893ರ ಸಭೆಯಲ್ಲಿ ಯಾರ್ಕ್‌ಶೈರ್‌ನವರ ಈ ಕೋರಿಕೆ 136ಕ್ಕೆ 282 ಮತಗಳಿಂದ ಬಿದ್ದುಹೋಯಿತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಬೇರೆ ಸಂಸಾರ ಹೂಡಿದವು. ದಿನಕ್ಕೆ ಆರು ಶಿಲಿಂಗ್ ಮೀರದಂತೆ ತಪ್ಪಿದ ಕೂಲಿ ಕೊಡಬಹುದು ಎಂದು ಅವು ತೀರ್ಮಾನಿಸಿದವು. ಇಂದಿನ ರಗ್ಬಿ ಲೀಗ್ ಎಂಬ 13 ಜನರ ಆಟ ಬೆಳೆದದ್ದು ಅಲ್ಲಿಂದ.

ನಮ್ಮ ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ತಂಡಗಳಿಗೆ ಆಡಿದ ಫುಟ್‌ಬಾಲಿಗರನ್ನು ಬಲ್ಲವರಿಗೆ ಈ ಜಗಳ ವಿಚಿತ್ರ ಅನ್ನಿಸಬಹುದು. ಇಲ್ಲಿ ಆಟ ಚೆನ್ನಾಗಿದ್ದರೆ ಕಾರ್ಖಾನೆಯೇ ಕರೆದು ಕೆಲಸ ಕೊಡುತ್ತಿತ್ತು. ಅಲ್ಲಿ ಆಡಿದ್ದಕ್ಕಾಗಿ ಕಳೆದುಕೊಂಡ ಅರ್ಧ ದಿನದ ಕೂಲಿಯನ್ನು ಪಡೆದರೂ ಅಪರಾಧ. ಒಮ್ಮೆ ಲೀಗ್ ಆಟಕ್ಕೆ ಹೋದವನನ್ನು ಯೂನಿಯನ್ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹವ್ಯಾಸ ಎಂಬ ಮಾತು ಕೇಳಲು ನಿರ್ಮಲವಾಗಿದೆ. ಆದರೆ ಶನಿವಾರ ರಜೆ ಇರುವವನಿಗೆ ಮಾತ್ರ ಆಡಲು ಅನುಕೂಲ ಮಾಡಿಕೊಡುವ ನಿಯಮವನ್ನು ನೈತಿಕ ನಿಯಮ ಎಂದು ನಾನು ಒಪ್ಪಲಾರೆ. ಅದು ಅಂತಸ್ತಿನ ಬೇಲಿ.

ಆ ಬೇಲಿಯೊಳಗೆ ಕಪ್ ಕಾಲಿಟ್ಟದ್ದು 1971-72ರಲ್ಲಿ, ಯೂನಿಯನ್ ನೂರು ವರ್ಷ ಪೂರೈಸಿದ ಮೇಲೆ. ಮೊದಲ ವರ್ಷ ಗ್ಲಾಸ್ಟರ್ ತಂಡ ಮೋಸ್‌ಲಿಯನ್ನು 17-6ರಿಂದ ಸೋಲಿಸಿತು. ಕ್ಲಬ್ಬುಗಳ ರಾಷ್ಟ್ರೀಯ ಲೀಗ್ ಪಟ್ಟಿ ಬರಲು 1987 ಆಗಬೇಕಾಯಿತು. ಅಲ್ಲಿಯವರೆಗೆ ಕ್ಲಬ್ಬುಗಳು ಹಳೆಯ ಸ್ನೇಹದ ಮೇಲೆ ಪಂದ್ಯ ಗೊತ್ತುಮಾಡಿಕೊಂಡು ಆಡುತ್ತಿದ್ದವು. ಸೋತರೂ ಮುಂದಿನ ಶನಿವಾರ ಇನ್ನೊಂದು ಪಂದ್ಯ ಇದ್ದೇ ಇರುತ್ತಿತ್ತು. ಕಪ್ಪಿನಲ್ಲಿ ಹಾಗಲ್ಲ, ಸೋತರೆ ಮನೆಗೆ.

ಈ ವ್ಯತ್ಯಾಸ ಏನು ಮಾಡಬಲ್ಲದು ಎಂದು ತೋರಿಸಿದ್ದು ಬಾತ್ ಊರಿನ ಕ್ಲಬ್. ಬಾತ್ ಅಂದರೆ ರೋಮನ್ನರ ಕಾಲದ ಬಿಸಿನೀರಿನ ಸ್ನಾನಗೃಹಗಳಿಗೆ ಹೆಸರಾದ ಪುಟ್ಟ ಪಟ್ಟಣ. ಕ್ಲಬ್ 1865ರಷ್ಟು ಹಳೆಯದಾದರೂ ಬಹುಕಾಲ ದೊಡ್ಡ ಹೆಸರೇನೂ ಇರಲಿಲ್ಲ. 1978ರಲ್ಲಿ ಜ್ಯಾಕ್ ರೋವೆಲ್ ಎಂಬ ತರಬೇತುದಾರ ಬಂದರು. ಅವರ ಹೊಟ್ಟೆಪಾಡು ಉದ್ಯಮದಲ್ಲಿ ಆಡಳಿತಗಾರನ ಕೆಲಸ. ಅವರ ಹುಡುಗರಿಗೂ ಬೇರೆ ಬೇರೆ ನೌಕರಿ. ಆದರೆ ಸಂಜೆಯ ಅಭ್ಯಾಸದಲ್ಲಿ ಅವರು ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಿರಲಿಲ್ಲ. 1984ರ ಫೈನಲ್ಲಿನಲ್ಲಿ ನೆರೆಯ ಬ್ರಿಸ್ಟಲ್ ವಿರುದ್ಧ 10-9. ಕೊನೆ ಗಳಿಗೆಯಲ್ಲಿ ಬ್ರಿಸ್ಟಲ್‌ನ ಸ್ಟುವರ್ಟ್ ಬಾರ್ನ್ಸ್ ಒದ್ದ ಪೆನಾಲ್ಟಿ ತಪ್ಪಿ, ಒಂದೇ ಅಂಕದಲ್ಲಿ ಬಾತ್ ಮೊದಲ ಸಲ ಕಪ್ ಗೆದ್ದಿತು. ಮುಂದೆ ಅದೇ ಬಾರ್ನ್ಸ್ ಬಾತ್ ತಂಡಕ್ಕೆ ಬಂದು, 1992ರ ಫೈನಲ್ಲಿನ ಹೆಚ್ಚುವರಿ ಅವಧಿಯ ಕೊನೆಯಲ್ಲಿ, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಪುಟಿಸಿ ಒದೆಯುವ ಡ್ರಾಪ್ ಗೋಲು ಹೊಡೆದು ಕಪ್ ತಂದುಕೊಟ್ಟರು. 1984ರಿಂದ 1995ರವರೆಗೆ ಬಾತ್ ಒಂಬತ್ತು ಸಲ ಫೈನಲ್ ತಲುಪಿತು, ಒಂಬತ್ತನ್ನೂ ಗೆದ್ದಿತು. ಇಷ್ಟೆಲ್ಲ ಆಗಿದ್ದು ಒಂದು ಪೌಂಡ್ ಸಂಬಳವೂ ಇಲ್ಲದೆ.

ಇನ್ನು 1995ಕ್ಕೆ ಬರೋಣ. ಆ ವರ್ಷ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್. ಸೆಮಿಫೈನಲ್ಲಿನಲ್ಲಿ ನ್ಯೂಜಿಲೆಂಡಿನ ಜೋನಾ ಲೋಮು ಎಂಬ ಇಪ್ಪತ್ತರ ಹುಡುಗ ಇಂಗ್ಲೆಂಡಿನ ಮೇಲೆ ನಾಲ್ಕು ಟ್ರೈ ಹೊಡೆದ. ಟೆಲಿವಿಷನ್ನಿನವರಿಗೆ ಬೇಕಾಗಿದ್ದ ಮುಖ ಸಿಕ್ಕಿತು. ಅದೇ ವಿಶ್ವಕಪ್ಪಿನ ಹೊತ್ತಿಗೆ ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯ ಸೇರಿ ಮಾಧ್ಯಮ ಉದ್ಯಮಿ ಮರ್ಡಾಕ್ ಅವರ ಕಂಪನಿಯೊಂದಿಗೆ 10 ವರ್ಷಕ್ಕೆ 55 ಕೋಟಿ ಡಾಲರಿನ ಪ್ರಸಾರ ಒಪ್ಪಂದ ಮಾಡಿಕೊಂಡವು. ಇಷ್ಟು ದುಡ್ಡು ಸುತ್ತ ಹರಿಯುವಾಗ ಆಡುವವನಿಗೆ ಮಾತ್ರ ಇಲ್ಲ ಅನ್ನುವುದು ಹೇಗೆ? ಆಗಸ್ಟ್ ಕೊನೆಯ ವಾರಾಂತ್ಯದಲ್ಲಿ ಪ್ಯಾರಿಸ್‌ನಲ್ಲಿ ಅಂತಾರಾಷ್ಟ್ರೀಯ ರಗ್ಬಿ ಮಂಡಳಿ ಸೇರಿತು. ಆಟ ಇನ್ನು ಮುಕ್ತ, ಸಂಬಳ ಕೊಡಬಹುದು ಎಂದು ಮಂಡಳಿಯ ಪರವಾಗಿ ವರ್ನನ್ ಪ್ಯೂ ಸಾರಿದರು. ಜಾರ್ಜ್ ಹೋಟೆಲಿನ ಆ ಸಂಜೆಗೆ ನೂರು ವರ್ಷ ತುಂಬಲು ಇನ್ನೆರಡು ಮೂರು ದಿನ ಬಾಕಿ ಇತ್ತು.

ಇಂಗ್ಲೆಂಡಿನ ಯೂನಿಯನ್ ಗಾಬರಿಯಾಗಿ, ನಮಗೆ ಒಂದು ವರ್ಷ ಟೈಮ್ ಕೊಡಿ, ಅಲ್ಲಿಯ ತನಕ ಕ್ಲಬ್ಬುಗಳು ಸಂಬಳ ಕೊಡಬಾರದು ಎಂದಿತು. ಹೀಗಾಗಿ 1995-96 ಎಂಬುದು ಎಡಬಿಡಂಗಿ ವರ್ಷವಾಯಿತು. ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಯಜಮಾನ ಸರ್ ಜಾನ್ ಹಾಲ್, ಎರಡನೇ ದರ್ಜೆಯಲ್ಲಿದ್ದ ನ್ಯೂಕ್ಯಾಸಲ್ ಗಾಸ್‌ಫೋರ್ತ್ ರಗ್ಬಿ ಕ್ಲಬ್ಬನ್ನೇ ಕೊಂಡರು. ಇಂಗ್ಲೆಂಡಿನ ರಾಬ್ ಆಂಡ್ರೂ ವಾಸ್ಪ್ಸ್ ಕ್ಲಬ್ ಬಿಟ್ಟು ಅಲ್ಲಿಗೆ ಹೊರಟರು. ಉಳಿದವರು ಎಂದಿನಂತೆ ನೌಕರಿಗೆ ಹೋಗಿ ಸಂಜೆ ಮೈದಾನಕ್ಕೆ ಬರುತ್ತಿದ್ದರು. ಯುರೋಪಿನ ಹೊಸ ಕಪ್ ಆ ವರ್ಷವೇ ಶುರುವಾದರೂ ಇಂಗ್ಲೆಂಡಿನ ಕ್ಲಬ್ಬುಗಳು ಅದರಲ್ಲಿ ಆಡಲಿಲ್ಲ. ಆದ್ದರಿಂದ ಮನೆಯ ಕಪ್ಪಿನ ತೂಕ ಕಡಿಮೆಯಾಗಿರಲಿಲ್ಲ.

ಆ ವರ್ಷದ ಕಣದಲ್ಲಿ ಬಾತ್‌ಗೆ ಸರಿಸಾಟಿ ಲೆಸ್ಟರ್. 1880ರಲ್ಲಿ ಹುಟ್ಟಿದ ಕ್ಲಬ್. ಅವರ ಅಂಗಿಗಳ ಬೆನ್ನಿಗೆ ಸಂಖ್ಯೆಯ ಬದಲು ಅಕ್ಷರ. ಮುಂದಿನ ಸಾಲಿನಲ್ಲಿ ಭುಜ ಕೊಟ್ಟು ತಳ್ಳುವ ಮೂವರ ಬೆನ್ನಿಗೆ ಎ, ಬಿ, ಸಿ ಎಂದಿರುತ್ತಿದ್ದರಿಂದ ಗ್ರಹಾಂ ರೌನ್‌ಟ್ರೀ, ರಿಚರ್ಡ್ ಕಾಕೆರಿಲ್, ಡ್ಯಾರೆನ್ ಗಾರ್ಫೋರ್ತ್ ಅವರನ್ನು ಎಬಿಸಿ ಕ್ಲಬ್ ಎಂದೇ ಕರೆಯುತ್ತಿದ್ದರು. ಗಾರ್ಫೋರ್ತ್ ಕಟ್ಟಡಗಳಿಗೆ ಕೊಳವೆಯ ಸಾರುವೆ ಕಟ್ಟುವ ಕೆಲಸಗಾರ. ನಾಯಕ ಡೀನ್ ರಿಚರ್ಡ್ಸ್ ಪೊಲೀಸ್ ಪೇದೆ. ಮುಂದೆ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ಮಾರ್ಟಿನ್ ಜಾನ್ಸನ್ ಬ್ಯಾಂಕಿನ ನೌಕರ. ರೋರಿ ಅಂಡರ್‌ವುಡ್ ವಾಯುಪಡೆಯಲ್ಲಿ ವಿಮಾನ ಹಾರಿಸುವವರು. ಬಾತ್ ಕಡೆ ನೋಡಿದರೆ, ಒದೆಯುವ ಹೊಣೆ ಹೊತ್ತ ಜಾನ್ ಕ್ಯಾಲರ್ಡ್ ಶಾಲೆಯ ಮೇಷ್ಟ್ರು. ಗ್ರಹಾಂ ಡಾವ್ ಎಂಬಾತ ದೂರದ ಹಳ್ಳಿಯ ರೈತ, ಅಭ್ಯಾಸಕ್ಕೆ ತಾಸುಗಟ್ಟಲೆ ಗಾಡಿ ಓಡಿಸಿಕೊಂಡು ಬರುತ್ತಿದ್ದವರು. ಒಂದೇ ಮೈದಾನದಲ್ಲಿ ಪೇದೆ, ಪೈಲಟ್, ರೈತ, ಮೇಷ್ಟ್ರು ಎಲ್ಲ ಮಣ್ಣಾಗುತ್ತಿದ್ದ ಕಾಲದ ಕೊನೆಯ ಋತು ಅದು.

ಲೀಗ್ ಪಟ್ಟಿಯಲ್ಲೂ ಈ ಎರಡೇ ತಂಡಗಳ ಪೈಪೋಟಿ. ಏಪ್ರಿಲ್ 27, ಕೊನೆಯ ದಿನ. ಬಾತ್ ತನ್ನ ಮೈದಾನದಲ್ಲಿ ಸೇಲ್ ವಿರುದ್ಧ ಗೆಲ್ಲಲಾಗದೆ 38-38ರ ಸಮಬಲಕ್ಕೆ ಸಿಕ್ಕಿಕೊಂಡಿತು. ಲೆಸ್ಟರ್ ತನ್ನ ಮೈದಾನದಲ್ಲಿ ಹಾರ್ಲೆಕ್ವಿನ್ಸ್ ಮೇಲೆ ಗೆದ್ದಿದ್ದರೆ ಲೀಗ್ ಅದರದ್ದೇ. ಕೊನೆಗೆ ಜಾನ್ ಲೈಲಿ ಒದ್ದ ಪೆನಾಲ್ಟಿ ಗುರಿ ತಪ್ಪಿತು. ಲೆಸ್ಟರ್ 19, ಹಾರ್ಲೆಕ್ವಿನ್ಸ್ 21. ಲೀಗ್ ಬಾತ್‌ಗೆ ಹೋಯಿತು. ಏಳೇ ದಿನದಲ್ಲಿ ಅದೇ ಎರಡು ತಂಡಗಳು ಕಪ್ ಫೈನಲ್ಲಿಗೆ ಎದುರಾಗಬೇಕು. ಸೆಮಿಫೈನಲ್ಲಿನಲ್ಲಿ ಬಾತ್ ಗ್ಲಾಸ್ಟರನ್ನು 19-10ರಿಂದ, ಲೆಸ್ಟರ್ ಲಂಡನ್ ಐರಿಷ್ ತಂಡವನ್ನು 46-21ರಿಂದ ಮುಗಿಸಿ ಬಂದಿದ್ದವು.

ಮೇ 4, ಶನಿವಾರ. ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ ಸುಮಾರು 75,000 ಜನ. ಲೆಸ್ಟರಿನ ಆಟ ಅವರ ಮುಂಸಾಲಿನ ಬಲದ ಮೇಲೆ ನಿಂತದ್ದು, ಅವತ್ತು ಅದು ಚೆನ್ನಾಗಿಯೇ ನಡೆಯಿತು. ಮ್ಯಾಟ್ ಪೂಲ್ ಒಂದು, ನಿಯಾಲ್ ಮಲೋನ್ ಒಂದು, ಹೀಗೆ ಎರಡು ಟ್ರೈ. ಲೈಲಿಯ ಒಂದು ಕನ್ವರ್ಷನ್, ಒಂದು ಪೆನಾಲ್ಟಿ. ಕೂಡಿಸಿದರೆ 15. ಬಾತ್‌ಗೆ ಒಂದೂ ಟ್ರೈ ಇಲ್ಲ, ಮೇಷ್ಟ್ರು ಕ್ಯಾಲರ್ಡ್ ಒದ್ದ ಮೂರು ಪೆನಾಲ್ಟಿಗಳ 9 ಅಂಕ ಅಷ್ಟೆ. ಹೊತ್ತು ಮುಗಿಯುತ್ತ ಬಂತು. ಬಾತ್ ಚೆಂಡನ್ನು ಹಿಡಿದು ಲೆಸ್ಟರಿನ ಗೆರೆಯ ಮುಂದೆ ಗುದ್ದುತ್ತಲೇ ಇತ್ತು. ಗೆರೆಗೆ ಗಜ ದೂರದಲ್ಲಿ ದೇಹಗಳ ರಾಶಿ, ರಾಶಿಯ ಅಡಿಯಲ್ಲಿ ಚೆಂಡು, ಅದು ಹೊರಬರದಂತೆ ಲೆಸ್ಟರಿನ ಕೈಕಾಲು. ರೆಫರಿ ಸ್ಟೀವ್ ಲ್ಯಾಂಡರ್ ಸೀಟಿ ಊದಿ ನೇರ ಗೋಲುಕಂಬಗಳ ನಡುವೆ ಹೋಗಿ ನಿಂತರು. ಪೆನಾಲ್ಟಿ ಟ್ರೈ!

ಇದರ ಅರ್ಥ ಹೇಳಬೇಕು. ಎದುರಾಳಿ ನಿಯಮ ಮುರಿಯದಿದ್ದರೆ ಇಲ್ಲಿ ಬಹುಮಟ್ಟಿಗೆ ಟ್ರೈ ಆಗುತ್ತಿತ್ತು ಎಂದು ರೆಫರಿಗೆ ಅನ್ನಿಸಿದರೆ, ಯಾರೂ ಚೆಂಡನ್ನು ಗೆರೆ ದಾಟಿಸದೆಯೂ ಟ್ರೈ ಕೊಡಬಹುದು. ನಡೆದದ್ದಕ್ಕಲ್ಲ, ನಡೆಯಬಹುದಾಗಿದ್ದಕ್ಕೆ ಅಂಕ. ಟಿವಿ ಪರದೆ ನೋಡಿ ಹೇಳುವ ಇನ್ನೊಬ್ಬ ರೆಫರಿ ಆಗ ಇರಲಿಲ್ಲ. ಒಬ್ಬ ಮನುಷ್ಯನ ಕಣ್ಣು, ಒಂದು ಸೀಟಿ, ಅಷ್ಟೆ. ಬಾತ್ 14, ಲೆಸ್ಟರ್ 15. ಕಂಬಗಳ ಎದುರಿಗೇ ಇಟ್ಟ ಚೆಂಡನ್ನು ಕ್ಯಾಲರ್ಡ್ ಒದ್ದರು. 16-15. ಮೊದಲ ಕಪ್ಪಿನಂತೆ ಹತ್ತನೆಯ ಕಪ್ಪೂ ಒಂದೇ ಅಂಕದ ಅಂತರದಲ್ಲಿ ಬಾತ್ ಪಾಲಾಯಿತು. ಲೀಗ್ ಮತ್ತು ಕಪ್ ಎರಡೂ ಅವರದೇ.

ಪಂದ್ಯ ಮುಗಿದ ಸೀಟಿ ಕೇಳಿದ ಕೂಡಲೇ ಇನ್ನೊಂದು ನಡೆಯಿತು. ಲೆಸ್ಟರಿನ ನೀಲ್ ಬ್ಯಾಕ್ ಎರಡೂ ಕೈಯಿಂದ ರೆಫರಿಯನ್ನು ನೂಕಿ ಕೆಡವಿದರು. ಬಾತ್ ತಂಡದ ಆಂಡಿ ರಾಬಿನ್ಸನ್ ಎಂದುಕೊಂಡು ನೂಕಿದೆ ಎಂದು ಆಮೇಲೆ ಅವರು ಹೇಳಿಕೊಂಡರು. ವಿಚಾರಣೆಯಾಗಿ ಆರು ತಿಂಗಳ ನಿಷೇಧ ಬಿತ್ತು. ರಗ್ಬಿಯಲ್ಲಿ ಎಂಥ ಭೀಮಕಾಯನೂ ರೆಫರಿಯನ್ನು ಸರ್ ಎಂದೇ ಕರೆಯುವ ಸಂಪ್ರದಾಯ, ಆದ್ದರಿಂದ ಆ ನೂಕು ದೊಡ್ಡ ಸುದ್ದಿಯಾಯಿತು. ದುಡ್ಡು ಬಂತು, ಮರ್ಯಾದೆ ಹೋಯಿತು ಎಂದು ನಿಟ್ಟುಸಿರಿಡುವುದಕ್ಕೆ ಹಳಬರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ನನಗೆ ಈ ಸಾಕ್ಷಿ ಒಪ್ಪಿಗೆಯಾಗುವುದಿಲ್ಲ. ಆ ದಿನ ಮೈದಾನದಲ್ಲಿದ್ದ ಎರಡೂ ತಂಡಗಳನ್ನು ಬೆಳೆಸಿದ್ದು ಸಂಬಳವಲ್ಲ. ಗೆರೆಯ ಮುಂದೆ ಲೆಸ್ಟರಿನವರು ಚೆಂಡಿನ ಮೇಲೆ ಬಿದ್ದು ತಡೆದದ್ದು, ಬಾತ್‌ನವರು ಬಿಡದೆ ಗುದ್ದಿದ್ದು, ಸೋತವನು ತಾಳ್ಮೆ ಕಳೆದುಕೊಂಡದ್ದು, ಇವೆಲ್ಲ ಹವ್ಯಾಸಿ ಕಾಲದಲ್ಲೇ ಬೇರೂರಿದ ಜಿದ್ದಿನ ಫಲ. ರೋವೆಲ್ ಅವರ ಬಾತ್ ಹನ್ನೆರಡು ವರ್ಷ ಹಾಗೆಯೇ ಆಡಿತ್ತು. ಗೆಲ್ಲಲೇಬೇಕು ಎಂಬ ಹಟವನ್ನು ಆಟಕ್ಕೆ ತಂದದ್ದು ಕಪ್. ದುಡ್ಡು ಹಿಂದೆ ಬಂದು, ಅದಾಗಲೇ ವೃತ್ತಿಯಂತೆ ಆಡುತ್ತಿದ್ದವರಿಗೆ ಕೂಲಿ ಕೊಟ್ಟಿತು, ಅಷ್ಟೆ. 1878ರಲ್ಲಿ ಕಲ್ಕತ್ತೆಯವರ ಬಯಕೆಯನ್ನು ತಳ್ಳಿಹಾಕಿದವರಿಗೆ ಇದು ಗೊತ್ತಿತ್ತು.

ಆದರೂ ವೃತ್ತಿಯಂತೆ ಆಡುವುದಕ್ಕೂ ವೃತ್ತಿಯಾಗಿ ಆಡುವುದಕ್ಕೂ ಎಷ್ಟು ಅಂತರ ಇತ್ತೆಂದು ತಿಳಿಯಲು ನಾಲ್ಕೇ ದಿನ ಸಾಕಾಯಿತು. ಮೇ 8ರಂದು ಬಾತ್ ತಂಡ ಮ್ಯಾಂಚೆಸ್ಟರಿನ ಮೇನ್ ರೋಡ್ ಮೈದಾನಕ್ಕೆ ಹೋಗಿ ರಗ್ಬಿ ಲೀಗಿನ ವೃತ್ತಿಪರ ವಿಗನ್ ತಂಡವನ್ನು ಲೀಗಿನ ನಿಯಮದಲ್ಲಿ ಎದುರಿಸಿತು. ನೂರು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದ ದಾಯಾದಿಗಳ ಭೇಟಿ. ವಿಗನ್ 82, ಬಾತ್ 6. ಮಾರ್ಟಿನ್ ಒಫಾಯ ಒಬ್ಬರೇ ಆರು ಟ್ರೈ ಓಡಿದರು. ಮೇ 11ರಂದು ವಿಗನ್ ಟ್ವಿಕೆನ್‌ಹ್ಯಾಮಿಗೇ ಬಂದು, ಯೂನಿಯನ್ನಿನವರ ಏಳು ಜನರ ಪಂದ್ಯಾವಳಿ ಮಿಡಲ್‌ಸೆಕ್ಸ್ ಸೆವೆನ್ಸ್ ಗೆದ್ದುಕೊಂಡು ಹೋಯಿತು. ಮೇ 25ರಂದು ಅದೇ ಮೈದಾನದಲ್ಲಿ ಯೂನಿಯನ್ ನಿಯಮದ ಪಂದ್ಯ. ಸ್ಕ್ರಮ್ಮಿನ ತಳ್ಳಾಟದಲ್ಲಿ ಪಳಗಿದ ಬಾತ್ 44-19ರಿಂದ ಗೆದ್ದು ಮಾನ ಉಳಿಸಿಕೊಂಡಿತು. ದಿನವಿಡೀ ತಾಲೀಮು ಮಾಡುವವನ ದೇಹ ಹೇಗಿರುತ್ತದೆ, ಅವನು ಎಷ್ಟು ಹೊತ್ತು ಓಡಬಲ್ಲ ಎಂಬುದನ್ನು ಯೂನಿಯನ್ನಿನ ಕ್ಲಬ್ಬುಗಳು ಆ ತಿಂಗಳಲ್ಲಿ ಕಣ್ಣಾರೆ ಕಂಡವು.

ಮುಂದಿನದು ಬೇಗ ಹೇಳಿಬಿಡಬಹುದು. 1996ರ ಬೇಸಿಗೆಯಿಂದ ಸಂಬಳ ಶುರುವಾಯಿತು. ಸಾಹುಕಾರರು ಕ್ಲಬ್ಬುಗಳನ್ನು ಕೊಂಡರು, ಕೆಲವರು ಬೇಸತ್ತು ಬಿಟ್ಟೂ ಹೋದರು. 1999ರಲ್ಲಿ ರಿಚ್ಮಂಡ್, ಲಂಡನ್ ಸ್ಕಾಟಿಷ್ ಎಂಬ ಎರಡು ಪುರಾತನ ಕ್ಲಬ್ಬುಗಳ ವೃತ್ತಿ ತಂಡಗಳು ದಿವಾಳಿಯಾದವು. 2022-23ರಲ್ಲಿ ವೂಸ್ಟರ್, ವಾಸ್ಪ್ಸ್, ಲಂಡನ್ ಐರಿಷ್ ಒಂದರ ಹಿಂದೊಂದು ಕುಸಿದವು. ಸಂಬಳ ಕೊಡುವುದು ನ್ಯಾಯ, ಆದರೆ ಸಂಬಳದಷ್ಟು ಆದಾಯ ಹುಟ್ಟಿಸುವುದು ಬೇರೆ ವಿದ್ಯೆ. ನೀಲ್ ಬ್ಯಾಕ್ ಶಿಕ್ಷೆ ಮುಗಿಸಿ ಬಂದು, 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಆಡಿದರು.

ಮತ್ತೆ ಆ ಕಪ್ ಏನಾಯಿತು? ಪಿಲ್ಕಿಂಗ್ಟನ್ ಹೆಸರು 1997ರಲ್ಲಿ ಹೋಯಿತು, ಮದ್ಯದ ಕಂಪನಿ ಬಂತು, ವಿದ್ಯುತ್ ಕಂಪನಿ ಬಂತು. 2005ರ ಫೈನಲ್ಲಿನಲ್ಲಿ ಲೀಡ್ಸ್ ತಂಡ ಬಾತನ್ನು 20-12ರಿಂದ ಸೋಲಿಸಿತು. ಅಲ್ಲಿಗೆ ದೊಡ್ಡವರು ಚಿಕ್ಕವರು ಎಲ್ಲ ಒಂದೇ ಬುಟ್ಟಿಯಲ್ಲಿ ಹೆಸರು ಹಾಕಿ ಆಡುತ್ತಿದ್ದ ಆ ನಾಕೌಟ್ ಕಪ್ ನಿಂತಿತು. ಅದರ ಜಾಗದಲ್ಲಿ ಮೇಲ್ದರ್ಜೆಯ ಇಂಗ್ಲಿಷ್ ಕ್ಲಬ್ಬುಗಳೂ ವೇಲ್ಸಿನ ತಂಡಗಳೂ ಮಾತ್ರ ಆಡುವ ಪಂದ್ಯಾವಳಿ ಬಂತು. ಕಾರಣ ಊಹಿಸುವುದು ಕಷ್ಟವಲ್ಲ. ತಿಂಗಳಿಗೆ ಸಂಬಳ ಎಣಿಸಬೇಕಾದವನಿಗೆ ಇಂತಿಷ್ಟು ಪಂದ್ಯ, ಇಂತಿಷ್ಟು ಟಿಕೆಟ್ ಎಂಬ ಖಾತರಿ ಬೇಕು. ನಾಕೌಟಿನಲ್ಲಿ ಆ ಖಾತರಿ ಇಲ್ಲ. ಜನವರಿಯ ಕೆಸರಿನಲ್ಲಿ ಯಾವುದೋ ಊರಿನ ಸಣ್ಣ ತಂಡ ಒಂದು ದಿನ ಚೆನ್ನಾಗಿ ಆಡಿದರೆ ದೊಡ್ಡ ಕ್ಲಬ್ಬಿನ ಗಲ್ಲಾ ಪೆಟ್ಟಿಗೆ ಮುಚ್ಚಿಹೋಗುತ್ತದೆ.

ಹವ್ಯಾಸ ಹೋಯಿತೆಂದು ಅತ್ತವರು ಬಹಳ ಮಂದಿ. ಗಣಿಗಾರನ ಆರು ಶಿಲಿಂಗನ್ನು ನೆನೆದರೆ ಆ ಅಳುವಿಗೆ ನಾನು ದನಿಗೂಡಿಸಲಾರೆ; ಆಟಗಾರನಿಗೆ ಸಂಬಳ ಸಿಕ್ಕಿದ್ದು ನೂರು ವರ್ಷ ತಡವಾಗಿ ಬಂದ ನ್ಯಾಯ. ನಷ್ಟವಾದದ್ದು ಬೇರೆ ಕಡೆ. ಕಪ್ ಹುಟ್ಟಿಸಿದ ಜಿದ್ದು ಜನರನ್ನು ಸೇರಿಸಿತು, ಜನ ಹಣವನ್ನು ಕರೆದರು, ಬಂದ ಹಣಕ್ಕೆ ಕಪ್ಪೇ ಬೇಡವಾಯಿತು. ಸಣ್ಣ ಕ್ಲಬ್ಬೊಂದು ಚೀಟಿ ಎತ್ತಿದಾಗ ಬಾತ್ ಹೆಸರೋ ಲೆಸ್ಟರ್ ಹೆಸರೋ ಬರಬಹುದು ಎಂಬ ಅವಕಾಶ ಈಗ ಇಂಗ್ಲೆಂಡಿನಲ್ಲಿ ಇಲ್ಲ. ಸಂಬಳವನ್ನೂ ಉಳಿಸಿಕೊಂಡು ಆ ಅವಕಾಶವನ್ನೂ ಉಳಿಸಿಕೊಳ್ಳಲು ಆಗದ ಮಾತೇನಲ್ಲ, ಫುಟ್‌ಬಾಲಿನ ಎಫ್.ಎ. ಕಪ್ ಇನ್ನೂ ನಡೆಯುತ್ತಲೇ ಇದೆ. ರಗ್ಬಿ ನಡೆಸುವವರು ಮನಸ್ಸು ಮಾಡಬೇಕಷ್ಟೆ.